ಅಂಟಿದರೆ ಸಾಲದು, ಬಿಡಲೂ ಬರಬೇಕು: ಚರ್ಮದ ಗಾಯಕ್ಕೆ ಯಾವ ಅಂಟು?

ಅಮ್ಮನ ಕೈಯಿಂದ ಡ್ರಿಪ್ ಸೂಜಿ ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಸೂಜಿ ಹೊರಗೆ ಬಂದಾಗ ಅಮ್ಮ ಮಿಸುಕಲೂ ಇಲ್ಲ. ಆದರೆ ಸೂಜಿಯನ್ನು ಹಿಡಿದಿಟ್ಟಿದ್ದ ಟೇಪನ್ನು ಸರಕ್ಕನೆ ಎಳೆದಾಗ "ಅಯ್ಯಮ್ಮಾ" ಎಂದು ಕೂಗಿದಳು. ಟೇಪಿನ ಜೊತೆಗೇ ಚರ್ಮವೂ ಎದ್ದು ಬಂದಿತ್ತು. ಒದ್ದೆ ಕಾಗದ ಹರಿದು ಮಡಚಿಕೊಳ್ಳುತ್ತದಲ್ಲ, ಥೇಟ್ ಹಾಗೆ. ಕೆಳಗೆ ಕೆಂಪಗೆ ಹೊಳೆಯುವ ಒಂದು ತ್ರಿಕೋನ. ಎಳೆದ ಸಿಸ್ಟರ್ ಒರಟು ಸ್ವಭಾವದವರೇನಲ್ಲ. ದಿನಕ್ಕೆ ಹತ್ತಾರು ಕೈಗಳಿಂದ ಹಾಗೇ ಟೇಪು ತೆಗೆಯುತ್ತಿದ್ದವರು. ಸೂಜಿಯ ತೂತು ಎರಡು ದಿನಕ್ಕೆ ಮುಚ್ಚಿತು. ಟೇಪು ಮಾಡಿದ ಗಾಯ ಮಾಯಲು ಮೂರು ವಾರ ಹಿಡಿಯಿತು.

ಗಾಯಕ್ಕೆ ಬಳಸುವ ಅಂಟುಗಳ ಬಗ್ಗೆ ನಾನು ಓದಲು ಶುರು ಮಾಡಿದ್ದು ಆಮೇಲೆ. ಈಗ ಇಂಥ ವಸ್ತುಗಳು ಬೇಕಾದಷ್ಟಿವೆ. ಹೊಲಿಗೆಯ ಬದಲು ಹಚ್ಚುವ ದ್ರವದ ಅಂಟು, ಗಾಯದ ಅಂಚುಗಳನ್ನು ಕೂಡಿಸುವ ಅಂಟುಪಟ್ಟಿ, ಸಿಲಿಕೋನ್ ಟೇಪು, ಗಾಯದ ನೀರನ್ನು ಹೀರಿ ಜೆಲ್ಲಿಯಾಗುವ ಪಟ್ಟಿ, ರಕ್ತದಿಂದಲೇ ತಯಾರಿಸಿದ ಅಂಟು. ಪ್ರಯೋಗಾಲಯಗಳಲ್ಲಿ ಸಮುದ್ರದ ಚಿಪ್ಪುಹುಳು, ಚಿಪ್ಪಿಲ್ಲದ ಬಸವನಹುಳುವಿನಂಥ ಗೊಂಡೆಹುಳುಗಳನ್ನು ನೋಡಿ ಕಲಿತ ಅಂಟುಗಳೂ ಬೆಳೆಯುತ್ತಿವೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ "ಯಾವುದು ಗಟ್ಟಿಯಾಗಿ ಹಿಡಿಯುತ್ತದೋ ಅದು" ಅಂತ. ಇಲ್ಲೇ ನಾವು ಎಡವುತ್ತೇವೆ ಎಂಬುದು ನನ್ನ ಅಭಿಪ್ರಾಯ. ಚರ್ಮದ ಮಟ್ಟಿಗೆ ಅಂಟಿನ ಗುಣ ಗೊತ್ತಾಗುವುದು ಅದು ಬಿಡುವಾಗ. ಯಾವಾಗ ಬಿಡುತ್ತದೆ, ಬಿಡುವಾಗ ಏನನ್ನು ಕಿತ್ತುಕೊಂಡು ಹೋಗುತ್ತದೆ, ಬಿಡುವ ಹೊತ್ತಿಗೆ ಗಾಯ ತನ್ನ ಕಾಲ ಮೇಲೆ ತಾನು ನಿಂತಿದೆಯಾ ಎಂಬುದನ್ನು ನೋಡದೆ ಎರಡು ಅಂಟುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ಪ್ರಯೋಜನವಿಲ್ಲ.

ಅಂಟು ಕೂರುವುದು ಸತ್ತ ಪದರದ ಮೇಲೆ

ನಮ್ಮ ಚರ್ಮದ ತೀರಾ ಹೊರಗಿನ ಪದರ ಸತ್ತ ಕೋಶಗಳದ್ದು. ದೇಹದ ಬಹುಭಾಗದಲ್ಲಿ ಅದರ ದಪ್ಪ ಸುಮಾರು 10ರಿಂದ 20 ಮೈಕ್ರಾನ್, ಅಂದರೆ ಒಂದು ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ. ಯಾವ ಟೇಪು ಹಚ್ಚಿದರೂ, ಯಾವ ಅಂಟು ಬಳಿದರೂ ಅದು ಹಿಡಿದುಕೊಳ್ಳುವುದು ಈ ಪದರವನ್ನೇ. ಈ ಪದರವೋ ಸದಾ ಉದುರುತ್ತಲೇ ಇರುತ್ತದೆ. ಕೆಳಗಿನಿಂದ ಹೊಸ ಕೋಶಗಳು ಮೇಲೆ ಬರುತ್ತವೆ, ಹಳೆಯವು ಕಳಚಿ ಬೀಳುತ್ತವೆ. ಹಾಗಾಗಿ ಚರ್ಮದ ಮೇಲಿನ ಯಾವ ಅಂಟಿಗೂ ಶಾಶ್ವತ ನೆಲೆಯಿಲ್ಲ. ಅಂಟು ಗಟ್ಟಿಯಾಗಿದ್ದರೂ ಅದು ನಿಂತ ನೆಲವೇ ಜಾರಿಹೋಗುತ್ತದೆ.

ಈಗ ಗಾಯದ ಕಡೆಯಿಂದ ನೋಡೋಣ. ಕತ್ತರಿಸಿದ ಚರ್ಮ ಒಂದು ವಾರದ ಹೊತ್ತಿಗೆ ಮೇಲ್ನೋಟಕ್ಕೆ ಕೂಡಿಕೊಂಡಿರುತ್ತದೆ. ಆದರೆ ಆಗ ಅದರ ಬಲ ಮೊದಲಿದ್ದ ಚರ್ಮದ ಬಲದ ಸುಮಾರು 3 ಶೇಕಡಾ ಮಾತ್ರ. ಮೂರು ವಾರಕ್ಕೆ 20ರಿಂದ 30 ಶೇಕಡಾ. ಮೂರು ತಿಂಗಳಿಗೆ 80 ಶೇಕಡಾ ಆಸುಪಾಸು. ಅಲ್ಲಿಂದ ಮುಂದೆ ಪೂರ್ತಿ ನೂರಕ್ಕೆ ಮುಟ್ಟುವುದೇ ಇಲ್ಲ. ಗಾಯದ ಮೇಲೆ ಹಚ್ಚುವ ದ್ರವದ ಅಂಟು ಉದುರುವುದು ಸಾಮಾನ್ಯವಾಗಿ 5ರಿಂದ 10 ದಿನದಲ್ಲಿ. ಅಂದರೆ ಅಂಟು ಕೈಬಿಡುವಾಗ ಗಾಯದ ಬಲ ಇನ್ನೂ ಹಸುಗೂಸಿನದ್ದು.

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ ವೈದ್ಯರು ಹೇಳುವ ಅರ್ಧಕ್ಕರ್ಧ ನಿಯಮಗಳು ತಾವಾಗಿ ಅರ್ಥವಾಗುತ್ತವೆ. ಮಂಡಿ, ಮೊಣಕೈ, ಬೆರಳ ಗೆಣ್ಣಿನ ಮೇಲೆ ಬರೀ ಅಂಟು ಯಾಕೆ ಸಾಲದು? ಮಡಚಿದಾಗಲೆಲ್ಲ ಅಲ್ಲಿ ಎಳೆತ ಬೀಳುತ್ತದೆ, ಅದಕ್ಕೆ. ಆಳದ ಗಾಯಕ್ಕೆ ಒಳಗೆ ಕರಗುವ ಹೊಲಿಗೆ ಹಾಕಿ, ಮೇಲೆ ಮಾತ್ರ ಅಂಟು ಯಾಕೆ ಹಚ್ಚುತ್ತಾರೆ? ಒಳಗಿನ ದಾರ ಎಳೆತವನ್ನು ವಾರಗಟ್ಟಲೆ ಹೊರುತ್ತದೆ, ಮೇಲಿನ ಅಂಟಿಗೆ ಬಾಗಿಲು ಮುಚ್ಚುವಷ್ಟೇ ಕೆಲಸ. ಅಂಟು ಗಾಯವನ್ನು ಗುಣ ಮಾಡುವುದಿಲ್ಲ. ಗುಣ ಮಾಡಿಕೊಳ್ಳುವುದು ದೇಹ. ಅದು ಕೆಲಸ ಮಾಡುವಷ್ಟು ಹೊತ್ತು ಎರಡು ಅಂಚುಗಳನ್ನು ಕದಲದ ಹಾಗೆ ಹಿಡಿದಿರಬೇಕು, ಅಷ್ಟೇ.

ಬಂದೂಕಿನ ಗುರಿಗಾಜಿನಿಂದ ಹುಬ್ಬಿನ ಗಾಯದವರೆಗೆ

ಹೊಲಿಗೆಯ ಬದಲು ಬಳಸುವ ದ್ರವದ ಅಂಟಿನ ಹೆಸರು ಸಯನೊಅಕ್ರಿಲೇಟ್. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡ್ಯಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಆಗ ಸಿಕ್ಕ ಈ ವಸ್ತು ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ತಲೆನೋವಾಯಿತು, ಅವರು ಅದನ್ನು ಬದಿಗಿಟ್ಟರು. 1951ರಲ್ಲಿ ಫ್ರೆಡ್ ಜಾಯ್ನರ್ ಜೊತೆ ಬೇರೆ ಕೆಲಸ ಮಾಡುವಾಗ ಅದೇ ವಸ್ತು ಮತ್ತೆ ಎದುರಾಯಿತು. ಅಂಟಿಕೊಳ್ಳುವ ಗುಣವೇ ಅದರ ಬೆಲೆ ಎಂದು ಆಗ ಹೊಳೆಯಿತು. 1958ರಲ್ಲಿ ಮಾರುಕಟ್ಟೆಗೆ ಬಂತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತ ನಿಲ್ಲಿಸಲು ಇದನ್ನು ಸ್ಪ್ರೇ ಮಾಡಿ ಬಳಸಿದ್ದೂ ಉಂಟು.

ಈ ಅಂಟು ಒಣಗಿ ಗಟ್ಟಿಯಾಗುವುದಿಲ್ಲ, ತೇವ ತಾಗಿ ಗಟ್ಟಿಯಾಗುತ್ತದೆ. ಚರ್ಮದ ಮೇಲಿರುವ ಚೂರು ತೇವ ಸಾಕು, ಬಿಡಿಬಿಡಿಯಾಗಿದ್ದ ಅಣುಗಳು ಒಂದರ ಕೈ ಇನ್ನೊಂದು ಹಿಡಿದು ಉದ್ದ ಸರಪಳಿಯಾಗುತ್ತವೆ. ಆಗ ಶಾಖ ಹುಟ್ಟುತ್ತದೆ. ದಪ್ಪಗೆ ಸುರಿದರೆ ಸುಡುವಷ್ಟು ಶಾಖ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ ತಿಳಿದಿರಬೇಕು. ಮನೆಯಲ್ಲಿ ಮುರಿದ ಸಾಮಾನು ಅಂಟಿಸುವ ಸೂಪರ್ ಗ್ಲೂ ಇದೇ ವಂಶದ್ದು. ಆದರೆ ಅದರ ಅಣುವಿನ ಬಾಲ ಗಿಡ್ಡ: ಮೀಥೈಲ್ ಅಥವಾ ಈಥೈಲ್. ಗಿಡ್ಡ ಬಾಲದ ಅಂಟು ಬೇಗ ಒಡೆಯುತ್ತದೆ, ಒಡೆದಾಗ ಫಾರ್ಮಾಲ್ಡಿಹೈಡ್‌ನಂಥ ವಿಷದ ವಸ್ತುಗಳನ್ನು ಬಿಡುತ್ತದೆ, ಶಾಖವೂ ಜಾಸ್ತಿ. ಔಷಧಿಗೆ ಬಳಸುವುದು ಉದ್ದ ಬಾಲದವನ್ನು, ಅಂದರೆ ಬ್ಯುಟೈಲ್ ಮತ್ತು ಆಕ್ಟೈಲ್. ಅವು ನಿಧಾನಕ್ಕೆ ಒಡೆಯುತ್ತವೆ, ಅಂಗಾಂಶಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. "ಎರಡೂ ಒಂದೇ ಅಲ್ವಾ, ಸುಮ್ನೆ ಮನೆಯದ್ದೇ ಹಚ್ಚಿದರಾಯ್ತು" ಅನ್ನುವವರನ್ನು ನಾನು ಕಂಡಿದ್ದೇನೆ. ಖಂಡಿತ ಒಂದೇ ಅಲ್ಲ. ಮನೆಯ ಅಂಟು ಕ್ರಿಮಿರಹಿತವೂ ಅಲ್ಲ.

ಬ್ಯುಟೈಲ್ ಮತ್ತು ಆಕ್ಟೈಲ್ ನಡುವೆಯೂ ಅಂತರವಿದೆ. ಬ್ಯುಟೈಲ್ ಬೇಗ ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಬಿರುಸು. ಚರ್ಮ ಬಾಗಿದರೆ ಬಿರುಕು ಬಿಡುತ್ತದೆ. ಆಕ್ಟೈಲ್ ಸ್ವಲ್ಪ ನಿಧಾನ, ಆದರೆ ಬಳುಕುತ್ತದೆ, ಮುರಿಯಲು ಹೆಚ್ಚು ಬಲ ಬೇಕು. ಹಾಗಾಗಿ ತೀರಾ ಚಿಕ್ಕ, ಕದಲದ ಗಾಯಕ್ಕೆ ಬ್ಯುಟೈಲ್ ಸಾಕು. ಸ್ವಲ್ಪ ಉದ್ದನೆಯ ಗಾಯಕ್ಕೆ ಆಕ್ಟೈಲ್ ವಾಸಿ. ಯೂರೋಪ್, ಕೆನಡಾಗಳಲ್ಲಿ ಬ್ಯುಟೈಲ್ ಮೊದಲಿನಿಂದಲೂ ಬಳಕೆಯಲ್ಲಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡರ್ಮಾಬಾಂಡ್ ಎಂಬ ಆಕ್ಟೈಲ್ ಅಂಟಿಗೆ ಒಪ್ಪಿಗೆ ಕೊಟ್ಟಿದ್ದು 1998ರಲ್ಲಿ.

ಇದನ್ನು ಹಚ್ಚುವುದನ್ನು ನಾನು ಹತ್ತಿರದಿಂದ ನೋಡಿದ್ದು ಅಣ್ಣನ ಮಗನಿಗೆ ಆರು ವರ್ಷವಾಗಿದ್ದಾಗ. ಮೇಜಿನ ಮೂಲೆಗೆ ಬಿದ್ದು ಹುಬ್ಬಿನ ಮೇಲೆ ಸೀಳಿತ್ತು. ಸುಮಾರು ಎರಡು ಸೆಂಟಿಮೀಟರ್ ಉದ್ದ, ನೇರ ಸೀಳು. ಡಾಕ್ಟರ್ ಮೊದಲು ಗಾಯ ತೊಳೆದರು, ತುಂಬ ಹೊತ್ತು ತೊಳೆದರು. ಆಮೇಲೆ ರಕ್ತ ಪೂರ್ತಿ ನಿಲ್ಲುವ ತನಕ ಒತ್ತಿ ಹಿಡಿದರು. ಅವನ ತಲೆಯನ್ನು ಹಿಂದಕ್ಕೆ ವಾಲಿಸಿ ಮಲಗಿಸಿದರು, ಅಂಟು ಹರಿದರೂ ಕಣ್ಣಿನ ಕಡೆಗೆ ಹರಿಯಬಾರದಲ್ಲ. ಹುಬ್ಬಿಗೂ ರೆಪ್ಪೆಗೂ ನಡುವೆ ವ್ಯಾಸಲಿನ್‌ನ ಒಂದು ಸಣ್ಣ ಏರಿ ಕಟ್ಟಿದರು. ಕಣ್ಣಿನ ಮೇಲೆ ಒದ್ದೆ ಗಾಜ್ ಬಟ್ಟೆ ಇಟ್ಟರು. ಎಡಗೈಯ ಎರಡು ಬೆರಳಿಂದ ಗಾಯದ ತುಟಿಗಳನ್ನು ಕೂಡಿಸಿ, "ಪುಟ್ಟಾ, ಈಗ ಸ್ವಲ್ಪ ಬೆಚ್ಚಗೆ ಅನ್ಸುತ್ತೆ, ಅಲುಗಾಡ್ಬೇಡ" ಎಂದರು. ನೇರಳೆ ಬಣ್ಣದ ಅಂಟನ್ನು ತೆಳ್ಳಗೆ ಸವರಿ, ಅರ್ಧ ನಿಮಿಷ ಹಾಗೇ ಹಿಡಿದರು. ಮತ್ತೊಂದು ತೆಳು ಪದರ. ಮತ್ತೊಂದು. ಹುಡುಗ ಅತ್ತಿದ್ದು ತೊಳೆಯುವಾಗ ಮಾತ್ರ.

ಅಂಟು ಗಾಯದ ಒಳಗೆ ಇಳಿಯಬಾರದು. ಬಹಳ ಜನರಿಗೆ ಇದು ಗೊತ್ತಿಲ್ಲ. ಎರಡು ಅಂಚುಗಳ ನಡುವೆ ಅಂಟು ಸೇರಿದರೆ ಅದೇ ಗೋಡೆಯಾಗುತ್ತದೆ, ಚರ್ಮ ಚರ್ಮಕ್ಕೆ ಕೂಡುವುದಿಲ್ಲ. ಅಂಟು ಇರಬೇಕಾದ್ದು ಮೇಲೆ, ಸೇತುವೆಯ ಹಾಗೆ. ಅದಕ್ಕೇ ರಕ್ತ ನಿಲ್ಲಿಸಿ, ಅಂಚುಗಳನ್ನು ಸರಿಯಾಗಿ ಕೂಡಿಸಿ ಹಿಡಿಯುವುದರಲ್ಲೇ ಕೆಲಸವೆಲ್ಲ ಇದೆ.

ಮನೆಗೆ ಬಂದ ಮೇಲೆ ಅತ್ತಿಗೆ ಗಾಯಕ್ಕೆ ಮುಲಾಮು ಹಚ್ಚಲು ಹೋದರು. ನಾವೆಲ್ಲ ಮಾಡುವುದು ಅದನ್ನೇ ಅಲ್ವಾ, ಗಾಯ ಎಂದರೆ ಮುಲಾಮು. ಆದರೆ ಎಣ್ಣೆ, ವ್ಯಾಸಲಿನ್, ಜಿಡ್ಡಿನ ಮುಲಾಮು ಏನೇ ತಾಗಿದರೂ ಈ ಅಂಟು ಸಡಿಲವಾಗುತ್ತದೆ. ಡಾಕ್ಟರ್ ಕಟ್ಟಿದ ವ್ಯಾಸಲಿನ್ ಏರಿಯ ಗುಟ್ಟೂ ಅದೇ: ಜಿಡ್ಡಿದ್ದ ಕಡೆ ಅಂಟು ಕೂರುವುದಿಲ್ಲ. ಈ ಗಾಯಕ್ಕೆ ಏನೂ ಹಚ್ಚದೆ ಬಿಡುವುದೇ ಆರೈಕೆ. ಚೂರು ನೀರು ಬಿದ್ದರೆ ತೊಂದರೆಯಿಲ್ಲ. ಉಜ್ಜಬಾರದು, ನೆನೆಸಬಾರದು, ಕೆರೆದು ಕೀಳಬಾರದು. ಎಂಟನೆಯ ದಿನ ಅಂಟು ಒಣಗಿದ ಹೊಪ್ಪಳೆಯ ಹಾಗೆ ತಾನಾಗಿ ಎದ್ದು ಬಂತು. ಹೊಲಿಗೆ ಬಿಚ್ಚಿಸಲು ಮತ್ತೆ ಹೋಗುವ ಪ್ರಮೇಯವೇ ಇರಲಿಲ್ಲ.

ಹಾಗಾದರೆ ಎಲ್ಲದಕ್ಕೂ ಅಂಟೇ ಹಚ್ಚಿಬಿಡಬಹುದಲ್ಲ? ಅಂಕಿಗಳು ಇಲ್ಲ ಅನ್ನುತ್ತವೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2014ರ ಪರಿಶೀಲನೆಯೊಂದು ಶಸ್ತ್ರಚಿಕಿತ್ಸೆಯ ಗಾಯಗಳ ಮೇಲೆ ನಡೆದ 33 ಪ್ರಯೋಗಗಳನ್ನು, ಒಟ್ಟು 2793 ರೋಗಿಗಳ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿತು. ಸೋಂಕಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಗಾಯ ಬಾಯಿ ಬಿಡುವ ಸಂಭವ ಹೊಲಿಗೆಗಿಂತ ಅಂಟಿನಲ್ಲಿ ಜಾಸ್ತಿ. ಸುಮಾರು 43 ಜನರಿಗೆ ಹೊಲಿಗೆಯ ಬದಲು ಅಂಟು ಬಳಸಿದರೆ ಅವರಲ್ಲಿ ಒಬ್ಬರ ಗಾಯ ಹೆಚ್ಚುವರಿಯಾಗಿ ಬಿಟ್ಟುಕೊಳ್ಳುತ್ತದೆ. ಬಿದ್ದು ಕೊಯ್ದುಕೊಂಡ ಸಣ್ಣ ಗಾಯಗಳ ವಿಷಯದಲ್ಲಿ ಚಿತ್ರ ಸ್ವಲ್ಪ ಬೇರೆ: ಕಲೆ ಹೊಲಿಗೆಯಷ್ಟೇ ಚೆನ್ನಾಗಿ ಮಾಯುತ್ತದೆ, ನೋವು ಕಡಿಮೆ, ಸಮಯ ಉಳಿಯುತ್ತದೆ. ಬಾಯಿ ಬಿಡುವ ಅಪಾಯ ಅಲ್ಲೂ ತುಸು ಹೆಚ್ಚೇ.

43ರಲ್ಲಿ ಒಂದು ಎನ್ನುವುದು ದೊಡ್ಡದೋ ಚಿಕ್ಕದೋ ಎಂಬುದು ಗಾಯ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಹೆದರಿ ನಡುಗುವ ಮಗುವಿನ ಹುಬ್ಬಿಗೆ ಸೂಜಿ ಚುಚ್ಚುವುದನ್ನು ತಪ್ಪಿಸಲು ಆ ಅಪಾಯವನ್ನು ನಾನು ಖುಷಿಯಿಂದ ಒಪ್ಪುತ್ತೇನೆ. ಮಂಡಿಯ ಮೇಲಿನ ಆಪರೇಷನ್ ಗಾಯಕ್ಕೆ ಬರೀ ಅಂಟು ಎಂದರೆ ಒಪ್ಪಲಾರೆ. ನಾಯಿ ಕಚ್ಚಿದ ಗಾಯ, ಮಣ್ಣು ಸೇರಿದ ಗಾಯ, ಮೊಳೆ ಚುಚ್ಚಿದ ಆಳದ ತೂತು, ಕೀವು ತುಂಬಿದ ಗಾಯ, ಬಾಯಿಯ ಒಳಗಿನ ಗಾಯ, ಇವುಗಳ ಹತ್ತಿರ ಈ ಅಂಟು ಸುಳಿಯಲೇಬಾರದು. ಕೊಳೆಯನ್ನು ಒಳಗಿಟ್ಟು ಬಾಗಿಲು ಜಡಿದ ಹಾಗಾಗುತ್ತದೆ.

ಟೇಪು ಎಂಬ ಹಳೆಯ ಉಪಾಯ

ಗಾಯದ ಅಂಚುಗಳನ್ನು ಅಂಟುಪಟ್ಟಿಯಿಂದ ಕೂಡಿಸುವುದು ಹೊಸದೇನಲ್ಲ. ಸುಮಾರು 3600 ವರ್ಷ ಹಿಂದಿನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲೇ ನಾರುಬಟ್ಟೆಯ ಪಟ್ಟಿಗಳಿಂದ ಗಾಯದ ಬಾಯಿ ಕೂಡಿಸುವ ಮಾತಿದೆ. ನಮಗೆಲ್ಲ ಗೊತ್ತಿರುವ, ನಡುವೆ ಹತ್ತಿಬಟ್ಟೆ ಇರುವ ಪುಟ್ಟ ಪ್ಲಾಸ್ಟರ್ ಹುಟ್ಟಿದ್ದು 1920ರಲ್ಲಿ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ನೌಕರ ಅರ್ಲ್ ಡಿಕ್ಸನ್, ಮನೆಗೆಲಸದಲ್ಲಿ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿ ಜೋಸೆಫೀನ್ ಒಬ್ಬರೇ ಹಾಕಿಕೊಳ್ಳಲು ಆಗುವಂತೆ ಅದನ್ನು ರೂಪಿಸಿದರು.

ಈಗ ಗಾಯ ಮುಚ್ಚಲು ಬಳಸುವ ತೆಳ್ಳನೆಯ ಅಂಟುಪಟ್ಟಿಗಳು ಆಳವಿಲ್ಲದ, ನೇರವಾದ, ಎಳೆತವಿಲ್ಲದ ಗಾಯಕ್ಕೆ ಬಹಳ ಒಳ್ಳೆಯವು. ಸೂಜಿಯಿಲ್ಲ, ಶಾಖವಿಲ್ಲ, ತಪ್ಪಾಗಿ ಹಚ್ಚಿದರೆ ತೆಗೆದು ಮತ್ತೆ ಹಚ್ಚಬಹುದು. ಬೆವರು, ಕೂದಲು, ನೀರು ಅವುಗಳ ಶತ್ರು. ಹಚ್ಚುವಾಗ ಪಟ್ಟಿಯನ್ನು ಎಳೆದು ಹಚ್ಚಬಾರದು. ಎಳೆದು ಹಚ್ಚಿದ ಪಟ್ಟಿ ವಾಪಸ್ ಕುಗ್ಗಲು ನೋಡುತ್ತದೆ, ಅದರ ತುದಿಯಲ್ಲಿರುವ ಚರ್ಮ ಜಗ್ಗಿ ಬೊಬ್ಬೆ ಏಳುತ್ತದೆ. ಆಪರೇಷನ್ ಆದ ಮಂಡಿ ಊದಿಕೊಂಡಾಗ ಟೇಪಿನ ಅಂಚಲ್ಲಿ ನೀರುಗುಳ್ಳೆ ಏಳುವುದೂ ಹೀಗೇ. ಬೆರಳಿಗೆ ಸುತ್ತಲೂ ಬಿಗಿಯಾಗಿ ಸುತ್ತುವುದಂತೂ ಬೇಡವೇ ಬೇಡ. ಊತ ಬಂದರೆ ರಕ್ತ ಓಡಾಟ ಕಟ್ಟುತ್ತದೆ.

ಟೇಪುಗಳನ್ನು ಹೋಲಿಸುವಾಗ ಅವುಗಳ ಹಿಂಬದಿಯ ಬಟ್ಟೆಯನ್ನಲ್ಲ, ಅಂಟನ್ನು ನೋಡಬೇಕು. ಹಳೆಯ ಕಾಲದ ಟೇಪುಗಳಲ್ಲಿ ರಬ್ಬರು, ಜಿಂಕ್ ಆಕ್ಸೈಡ್, ಮರದ ರಾಳ ಸೇರಿದ ಅಂಟು. ಹಿಡಿತ ಜೋರು. ರಾಳಕ್ಕೆ, ರಬ್ಬರಿಗೆ ಅಲರ್ಜಿ ಆಗುವವರೂ ಕಡಿಮೆಯಿಲ್ಲ. ಆಮೇಲೆ ಬಂದದ್ದು ಅಕ್ರಿಲೇಟ್ ಅಂಟು. ಇವತ್ತು ಆಸ್ಪತ್ರೆಗಳಲ್ಲಿ ಕಾಣುವ ಬಹುಪಾಲು ಟೇಪು, ಪಾರದರ್ಶಕ ಹಾಳೆ ಇದರದ್ದೇ. ಇದಕ್ಕೊಂದು ಸ್ವಭಾವವಿದೆ. ಹಚ್ಚಿದ ಹೊತ್ತಿನಲ್ಲಿ ಹಿಡಿತ ಸಾಧಾರಣ. ಗಂಟೆಗಳು ಕಳೆದಂತೆ ಮೈಯ ಬಿಸಿಗೆ ಅಂಟು ಮೆತ್ತಗಾಗಿ ಚರ್ಮದ ಸೂಕ್ಷ್ಮ ಗೆರೆಗಳೊಳಗೆ ಇಳಿಯುತ್ತದೆ, ಹಿಡಿತ ಏರುತ್ತಾ ಹೋಗುತ್ತದೆ. ನಿನ್ನೆ ಸಲೀಸಾಗಿ ಬರುತ್ತಿದ್ದ ಟೇಪು ಇವತ್ತು ಬರುವುದಿಲ್ಲ.

ಸಿಲಿಕೋನ್ ಅಂಟು ಬೇರೆ ಥರ. ಅದು ಮೊದಲೇ ಬಹಳ ಮೆತ್ತಗೆ. ಹಚ್ಚಿದ ಕೂಡಲೇ ಚರ್ಮದ ಗೆರೆಗಳನ್ನೆಲ್ಲ ತುಂಬಿಕೊಂಡುಬಿಡುತ್ತದೆ. ಆಮೇಲೆ ಹಿಡಿತ ಹೆಚ್ಚೂಕಡಿಮೆ ಅಷ್ಟೇ ಉಳಿಯುತ್ತದೆ. ತೆಗೆಯುವಾಗ ಕಡಿಮೆ ಕೋಶಗಳನ್ನು ಕೀಳುತ್ತದೆ, ಕೂದಲನ್ನೂ ಅಷ್ಟಾಗಿ ಎಳೆಯುವುದಿಲ್ಲ. ಹಾಗೆಂದು ಎಲ್ಲ ಕಡೆ ಸಿಲಿಕೋನ್ ಹಾಕಿ ಎನ್ನಲು ಬರುವುದಿಲ್ಲ. ಉಸಿರಾಟದ ಕೊಳವೆಯಂಥ, ಜಾರಿದರೆ ಪ್ರಾಣಕ್ಕೇ ಸಂಚಕಾರ ಬರುವ ವಸ್ತುವನ್ನು ಹಿಡಿದಿಡಲು ಆ ಮೆದು ಹಿಡಿತ ಸಾಲದೆ ಹೋಗಬಹುದು. ಅಲ್ಲಿ ಗಟ್ಟಿ ಅಂಟೇ ಬೇಕು, ಅದರ ಕೆಳಗೆ ಚರ್ಮಕ್ಕೆ ರಕ್ಷಣೆಯ ಪದರ ಬೇಕು.

ಅಮ್ಮನಿಗೆ ಆದದ್ದು ಏನೆಂದು ನನಗೆ ಆಮೇಲೆ ಅರ್ಥವಾಯಿತು. ಮೇಲ್ಚರ್ಮವೂ ಒಳಚರ್ಮವೂ ಎರಡು ಕೈಯ ಬೆರಳುಗಳನ್ನು ಹೆಣೆದ ಹಾಗೆ ಒಂದರೊಳಗೊಂದು ಸೇರಿಕೊಂಡಿರುತ್ತವೆ. ವಯಸ್ಸಾದಂತೆ ಆ ಹೆಣಿಗೆ ಚಪ್ಪಟೆಯಾಗುತ್ತದೆ. ಎರಡು ಅಂಗೈಗಳನ್ನು ಸುಮ್ನೆ ಒಂದರ ಮೇಲೊಂದು ಇಟ್ಟ ಹಾಗೆ ಆಗುತ್ತದೆ. ಆಗ ಟೇಪಿಗೂ ಮೇಲ್ಚರ್ಮಕ್ಕೂ ಇರುವ ನಂಟು, ಮೇಲ್ಚರ್ಮಕ್ಕೂ ಒಳಚರ್ಮಕ್ಕೂ ಇರುವ ನಂಟಿಗಿಂತ ಗಟ್ಟಿ. ಎಳೆದರೆ ಬಿಡುವುದು ಟೇಪಲ್ಲ, ಚರ್ಮ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲೂ ಇದೇ ಕಥೆ, ಅವರ ಚರ್ಮದ ಹೆಣಿಗೆ ಇನ್ನೂ ಬಿಗಿಯಾಗಿರುವುದಿಲ್ಲ. ಹಾಗೆ ಹರಿದ ಚರ್ಮವನ್ನು ಮತ್ತೆ ಅಂಟುಪಟ್ಟಿಯಿಂದ ಕೂಡಿಸುವ ರೂಢಿ ಇತ್ತು. ಈಗ ಅದಕ್ಕಿಂತ ಸಿಲಿಕೋನ್ ಪಟ್ಟಿಯೇ ವಾಸಿ ಎನ್ನುತ್ತಾರೆ.

ತೆಗೆಯುವ ರೀತಿ ಗೊತ್ತಿದ್ದರೆ ಇದರಲ್ಲಿ ಎಷ್ಟೋ ಗಾಯಗಳನ್ನು ತಪ್ಪಿಸಬಹುದು. "ಒಂದೇ ಸಲ ಎಳೆದುಬಿಡಿ, ನೋವು ಗೊತ್ತಾಗಲ್ಲ" ಎಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅದನ್ನು ಮರೆತುಬಿಡಿ, ಅದರಲ್ಲೂ ವಯಸ್ಸಾದವರ ವಿಷಯದಲ್ಲಿ. ಟೇಪಿನ ಒಂದು ತುದಿಯನ್ನು ಬಿಡಿಸಿ, ಅದನ್ನು ಮೇಲಕ್ಕೆತ್ತದೆ, ಚರ್ಮಕ್ಕೆ ಒರಗಿಸಿದ ಹಾಗೇ ಹಿಂದಕ್ಕೆ ಮಡಚಿ ನಿಧಾನ ಎಳೆಯಬೇಕು. ಇನ್ನೊಂದು ಕೈಯ ಬೆರಳು ಟೇಪು ಬಿಡುತ್ತಿರುವ ಜಾಗದ ಚರ್ಮವನ್ನು ಒತ್ತಿ ಹಿಡಿದಿರಬೇಕು, ಟೇಪಿನ ಜೊತೆ ಜೊತೆಗೇ ಮುಂದೆ ಸರಿಯಬೇಕು. ಕೂದಲು ಮಲಗಿರುವ ದಿಕ್ಕಿಗೇ ಎಳೆಯಬೇಕು. ಬರದಿದ್ದರೆ ಅಂಟು ಬಿಡಿಸುವ ಸಿಲಿಕೋನ್ ದ್ರವ ಸಿಗುತ್ತದೆ. ಅಮ್ಮ ಮತ್ತೊಮ್ಮೆ ಆಸ್ಪತ್ರೆಗೆ ಸೇರಿದಾಗ ನಾನು ಮೊದಲೇ ಕೇಳಿ ಸಿಲಿಕೋನ್ ಟೇಪು ಹಾಕಿಸಿದೆ. ತೆಗೆಯಲು ಪೂರ್ತಿ ಎರಡು ನಿಮಿಷ ತೆಗೆದುಕೊಂಡ ಸಿಸ್ಟರ್‌ಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

"ಗಾಳಿ ಆಡಲಿ ಬಿಡಿ" ಎಂಬ ಮಾತು

ತರಚು ಗಾಯ, ಬೊಬ್ಬೆ ಒಡೆದ ಗಾಯಗಳಲ್ಲಿ ಕೂಡಿಸಲು ಅಂಚುಗಳೇ ಇರುವುದಿಲ್ಲ. ಅಲ್ಲಿ ಅಂಟುವ ವಸ್ತುವಿನ ಕೆಲಸ ಗಾಯಕ್ಕೆ ಒಂದು ಹವಾಮಾನ ಕಟ್ಟಿಕೊಡುವುದು. ಗಾಯ ತೆರೆದಿರಲಿ, ಒಣಗಲಿ, ಹಕ್ಕಳೆ ಕಟ್ಟಲಿ ಎಂದು ನಾವು ನಂಬಿಕೊಂಡು ಬಂದಿದ್ದೇವೆ. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ಇದನ್ನು ಪರೀಕ್ಷಿಸಿದರು. ಹಾಳೆ ಹೊದಿಸಿ ಒದ್ದೆಯಾಗಿಟ್ಟ ಗಾಯಗಳ ಮೇಲೆ ಹೊಸ ಚರ್ಮ, ಒಣಗಲು ಬಿಟ್ಟ ಗಾಯಗಳಿಗಿಂತ ಸುಮಾರು ಎರಡು ಪಟ್ಟು ಬೇಗ ಹರಡಿತು. ಹೊಸ ಕೋಶಗಳಿಗೆ ತೆವಳಲು ಒದ್ದೆ ನೆಲ ಬೇಕು. ಹಕ್ಕಳೆ ಕಟ್ಟಿದರೆ ಅವು ಅದರ ಅಡಿಯಿಂದ ತೂರಿಕೊಂಡು ಸುತ್ತುದಾರಿ ಹಿಡಿಯಬೇಕಾಗುತ್ತದೆ.

ಹೈಡ್ರೊಕಲಾಯ್ಡ್ ಪಟ್ಟಿಗಳು ಈ ತಿಳಿವಳಿಕೆಯ ಮೇಲೆ ಹುಟ್ಟಿದವು. ಅಂಟಿನ ಜೊತೆಯಲ್ಲೇ ನೀರು ಹೀರುವ ಸೆಲ್ಯುಲೋಸ್ ಪುಡಿ, ಜೆಲಟಿನ್, ಪೆಕ್ಟಿನ್ ಕಲಸಿರುತ್ತಾರೆ. ಒಣಗಿದ ಚರ್ಮದ ಮೇಲೆ ಅದು ಅಂಟು, ಗಾಯದ ನೀರು ತಾಗಿದ ಕಡೆ ಜೆಲ್ಲಿ. ಗಾಯಕ್ಕೇ ಅಂಟಿಕೊಳ್ಳುವುದಿಲ್ಲ, ಸುತ್ತಲಿನ ಚರ್ಮಕ್ಕೆ ಅಂಟುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಗುಣ ಇದು. ಹತ್ತಿಬಟ್ಟೆ ಗಾಯಕ್ಕೆ ಹತ್ತಿಕೊಂಡು, ಬಿಚ್ಚುವಾಗಲೆಲ್ಲ ಹೊಸ ಚರ್ಮವನ್ನೇ ಕಿತ್ತು ತರುವ ಹಿಂಸೆ ಇದರಲ್ಲಿಲ್ಲ. ಬಿಚ್ಚಿದಾಗ ಹಳದಿ ಜೆಲ್ಲಿ ಕಾಣುತ್ತದೆ, ಸ್ವಲ್ಪ ವಾಸನೆಯೂ ಇರುತ್ತದೆ. ಕೀವು ಎಂದು ಗಾಬರಿಯಾಗುವವರು ಬಹಳ. ತೊಳೆದ ಮೇಲೂ ಸುತ್ತ ಕೆಂಪು ಹರಡುತ್ತಿದ್ದರೆ, ನೋವು ಏರುತ್ತಿದ್ದರೆ, ಜ್ವರ ಇದ್ದರೆ ಅದು ಸೋಂಕು, ಡಾಕ್ಟರಿಗೆ ತೋರಿಸಲೇಬೇಕು. ಸೋಂಕಾದ ಗಾಯಕ್ಕೂ, ತುಂಬ ನೀರು ಸೋರುವ ಗಾಯಕ್ಕೂ ಈ ಪಟ್ಟಿ ಹೊಂದುವುದಿಲ್ಲ.

ರಕ್ತದ್ದೇ ಅಂಟು

ಗಾಯವಾದಾಗ ದೇಹ ತಾನೇ ಒಂದು ಅಂಟು ತಯಾರಿಸುತ್ತದೆ. ಫೈಬ್ರಿನೊಜೆನ್ ಎಂಬ ಪ್ರೋಟೀನಿಗೆ ಥ್ರಾಂಬಿನ್ ಸೇರಿದರೆ ಫೈಬ್ರಿನ್ ಬಲೆ, ಅಂದರೆ ಹೆಪ್ಪು. ಇವೆರಡನ್ನು ಬೇರೆ ಬೇರೆ ಸಿರಿಂಜಿನಲ್ಲಿಟ್ಟು ಗಾಯದ ಮೇಲೆ ಒಟ್ಟಿಗೆ ಬಿಡುವುದೇ ಫೈಬ್ರಿನ್ ಅಂಟು. 1944ರಲ್ಲೇ ಕಸಿ ಚರ್ಮ ಕೂರಿಸಲು ಇದನ್ನು ಬಳಸಿದ್ದರು. ಆದರೆ ಅನೇಕರ ರಕ್ತ ಬೆರೆಸಿ ತೆಗೆದ ಫೈಬ್ರಿನೊಜೆನ್‌ನಿಂದ ಹೆಪಟೈಟಿಸ್ ಹರಡುವ ಭಯ ಇತ್ತು. 1970ರ ದಶಕದ ಕೊನೆಯಲ್ಲಿ ಅಮೆರಿಕ ಅದರ ಪರವಾನಗಿಯನ್ನೇ ಹಿಂತೆಗೆದುಕೊಂಡಿತು. ವೈರಸ್ ಕೊಲ್ಲುವ ವಿಧಾನಗಳು ಬಂದ ಮೇಲೆ 1998ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ಇದರ ಹಿಡಿತ ಸಯನೊಅಕ್ರಿಲೇಟಿಗೆ ಹೋಲಿಸಿದರೆ ತುಂಬ ದುರ್ಬಲ. ಆದರೂ ಸುಟ್ಟ ಗಾಯದ ಮೇಲೆ ಕಸಿ ಚರ್ಮ ಹಾಸುವಾಗ ಇದಕ್ಕೆ ಸಾಟಿಯಿಲ್ಲ. ಅಲ್ಲಿ ಅಂಟು ಎರಡು ಪದರಗಳ ನಡುವೆಯೇ ಇರಬೇಕು, ಹೊಸ ರಕ್ತನಾಳಗಳು ಅದರ ಮೂಲಕವೇ ಬೆಳೆದು ದಾಟಬೇಕು, ಆಮೇಲೆ ಅದು ಕರಗಿ ಹೋಗಬೇಕು. ಸಯನೊಅಕ್ರಿಲೇಟ್ ಅಲ್ಲಿ ಗೋಡೆಯಾಗುತ್ತದೆ, ಫೈಬ್ರಿನ್ ದಾರಿ ಬಿಡುತ್ತದೆ. ದುರ್ಬಲವಾದ ಅಂಟೇ ಸರಿಯಾದ ಅಂಟಾಗುವ ಜಾಗ ಇದು.

ಅಲರ್ಜಿಯ ಮಾತು

ಅಂಟುಗಳ ಬಳಕೆ ಹೆಚ್ಚಿದಂತೆ ಅಲರ್ಜಿಯೂ ಹೆಚ್ಚು ಕಾಣುತ್ತಿದೆ. ಆಪರೇಷನ್ ಆದ ಕೆಲವು ದಿನ, ವಾರಗಳ ಮೇಲೆ ಅಂಟು ಹಚ್ಚಿದ ಜಾಗದಲ್ಲೇ ಕೆಂಪಗಾಗಿ, ವಿಪರೀತ ತುರಿಕೆಯಾಗಿ, ಸಣ್ಣ ಗುಳ್ಳೆಗಳೆದ್ದರೆ ಅದು ಸೋಂಕಲ್ಲದೆ ಸಯನೊಅಕ್ರಿಲೇಟಿನ ಅಲರ್ಜಿ ಇರಬಹುದು. ತುರಿಕೆ ಮುಂದಿದ್ದರೆ ಅಲರ್ಜಿಯ ಕಡೆ, ನೋವು ಮುಂದಿದ್ದರೆ ಸೋಂಕಿನ ಕಡೆ ಅನುಮಾನ ಪಡಬೇಕು ಎಂಬುದು ಒರಟು ಲೆಕ್ಕ. ತೀರ್ಮಾನ ಡಾಕ್ಟರರದ್ದೇ. ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್‌ಗಳಲ್ಲಿದ್ದ ಐಸೊಬಾರ್ನಿಲ್ ಅಕ್ರಿಲೇಟ್ ಎಂಬ ವಸ್ತು ಎಷ್ಟು ಜನರ ಚರ್ಮ ಕೆರಳಿಸಿತೆಂದರೆ, ಅಮೆರಿಕದ ಸಂಪರ್ಕ ಅಲರ್ಜಿ ತಜ್ಞರ ಸಂಘ ಅದನ್ನು 2020ರ ವರ್ಷದ ಅಲರ್ಜಿಕಾರಕ ಎಂದೇ ಸಾರಿತು. ಒಮ್ಮೆ ಒಂದು ಅಂಟು ಒಗ್ಗಲಿಲ್ಲ ಎಂದಾದರೆ ಅದರ ಹೆಸರು ಬರೆದಿಟ್ಟುಕೊಂಡು ಮುಂದಿನ ಸಲ ಹೇಳಿ. ಕೃತಕ ಉಗುರಿನ ಅಂಟಿನಿಂದ, ಸೂಪರ್ ಗ್ಲೂನಿಂದ ತೊಂದರೆಯಾಗಿದ್ದರೆ ಅದನ್ನೂ ಹೇಳಿ, ಎಲ್ಲ ಒಂದೇ ಬಳಗ.

ಮುಂದೆ ಬರುತ್ತಿರುವವು

ಅಲೆ ಬಡಿಯುವ ಬಂಡೆಗೆ ಅಂಟಿಕೊಂಡೇ ಬದುಕುವ ಮಸೆಲ್ ಎಂಬ ಕಡಲಚಿಪ್ಪಿನ ಅಂಟಿನಲ್ಲಿ ಡೋಪಾ ಎಂಬ ವಿಶೇಷ ಅಮೈನೋ ಆಮ್ಲ ಇರುವುದನ್ನು ವಿಜ್ಞಾನಿ ಹರ್ಬರ್ಟ್ ವೇಟ್ 1980ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಒದ್ದೆಯಲ್ಲೂ ಹಿಡಿಯುವ ಅಂಟಿನ ಕನಸು ಅಲ್ಲಿಂದ ಬೆಳೆಯಿತು. 2017ರಲ್ಲಿ ಹಾರ್ವರ್ಡ್‌ನ ಡೇವಿಡ್ ಮೂನಿ ತಂಡ ಗೊಂಡೆಹುಳುವಿನ ಲೋಳೆ ನೋಡಿ, ರಕ್ತದಲ್ಲಿ ಒದ್ದೆಯಾದ ಜಾಗಕ್ಕೂ ಹಿಡಿಯುವ, ಎಳೆದರೂ ಹರಿಯದ ಜೆಲ್ ಮಾಡಿತು. 2019ರಲ್ಲಿ ಎಂಐಟಿಯ ಝುವಾನ್ಹೆ ಜಾವ್ ತಂಡ ಒಣ ಎರಡುಬದಿ ಟೇಪು ತಂದಿತು. ಅದು ಮೊದಲು ಅಂಗಾಂಶದ ಮೇಲಿನ ನೀರನ್ನು ಹೀರಿ ನೆಲ ಒಣಗಿಸಿಕೊಂಡು, ಆಮೇಲೆ ಅಂಟುತ್ತದೆ. ಇದೆಲ್ಲ ಸುಮಾರು 5 ಸೆಕೆಂಡಿನಲ್ಲಿ ಮುಗಿಯುತ್ತದೆ.

ಇವುಗಳ ಬಲದ ಅಂಕಿ ನೋಡಿ ಪತ್ರಿಕೆಗಳು ಸಂಭ್ರಮಪಟ್ಟವು. ನಾನೂ ಪಟ್ಟೆ. ಆದರೆ ಇವುಗಳ ನಿಜವಾದ ಜಾಗ ಹೃದಯ, ಶ್ವಾಸಕೋಶ, ಕರುಳುಗಳಂಥ ಒಳಗಿನ ಒದ್ದೆ ಅಂಗಗಳು. ಒಣ, ಸದಾ ಉದುರುವ ಹೊರಚರ್ಮದ ಮೇಲೆ ಅಷ್ಟು ಬಲ ತೆಗೆದುಕೊಂಡು ಏನು ಮಾಡೋಣ? ಅಮ್ಮನ ಕೈ ಹರಿದದ್ದು ಬಲ ಕಡಿಮೆಯಾಗಿ ಅಲ್ಲ.

ಚರ್ಮದ ಮಟ್ಟಿಗೆ ನನಗೆ ಹೆಚ್ಚು ಭರವಸೆ ಹುಟ್ಟಿಸಿರುವುದು ಬೇರೆ ಎರಡು ಕೆಲಸಗಳು. ಒಂದು, ಮೂನಿ ತಂಡವೇ 2019ರಲ್ಲಿ ಮಾಡಿದ ಪಟ್ಟಿ. ಮೈಯ ಬಿಸಿ ತಾಗಿದರೆ ಅದು ಕುಗ್ಗುತ್ತದೆ. ಕುಗ್ಗುವಾಗ ಗಾಯದ ಅಂಚುಗಳನ್ನೂ ಮೆಲ್ಲಗೆ ಒಟ್ಟಿಗೆ ಸೆಳೆಯುತ್ತದೆ. ಗರ್ಭದಲ್ಲಿರುವ ಭ್ರೂಣದ ಗಾಯ ತಾನಾಗಿ ಸೆಳೆದುಕೊಂಡು ಮುಚ್ಚಿಕೊಳ್ಳುವ ರೀತಿ ಅದಕ್ಕೆ ಮಾದರಿ. ಇಲಿಗಳಲ್ಲಿ ಗಾಯ ಬೇಗ ಮುಚ್ಚಿತು. ಮನುಷ್ಯರ ಚರ್ಮಕ್ಕೆ ಬರುವ ಮೊದಲು ದಾರಿ ಇನ್ನೂ ಉದ್ದವಿದೆ, ಇಲಿಯ ಚರ್ಮ ನಮ್ಮದಕ್ಕಿಂತ ಸಡಿಲ, ಅದು ಮುಚ್ಚಿಕೊಳ್ಳುವುದೇ ಬಹುಪಾಲು ಕುಗ್ಗಿ.

ಇನ್ನೊಂದು, ಜಾವ್ ತಂಡ 2020ರಲ್ಲಿ ತಮ್ಮದೇ ಟೇಪಿಗೆ ಮಾಡಿದ ಬದಲಾವಣೆ. ಅಂಟಿನ ಕೊಂಡಿಗಳ ನಡುವೆ ಬೇಕೆಂದಾಗ ಬಿಚ್ಚಿಕೊಳ್ಳುವ ಒಂದು ಕೀಲು ಇಟ್ಟರು. ಅಡುಗೆ ಸೋಡಾ ಮತ್ತು ನಮ್ಮ ಕೋಶಗಳಲ್ಲೇ ಇರುವ ಗ್ಲುಟಥಯೋನ್ ಎಂಬ ವಸ್ತು ಸೇರಿಸಿದ ದ್ರವ ಸುರಿದರೆ ಆ ಕೀಲುಗಳು ಬಿಚ್ಚಿಕೊಳ್ಳುತ್ತವೆ, ಪಟ್ಟಿ ಕೆಳಗಿನ ಅಂಗಾಂಶವನ್ನು ಹರಿಯದೆ ಎದ್ದು ಬರುತ್ತದೆ. ಅಂಟು ಎಷ್ಟು ಬಿಗಿ ಹಿಡಿಯುತ್ತದೆ ಎಂಬುದರ ಪಕ್ಕದಲ್ಲೇ, ಬಿಡಿಸಲು ಎಷ್ಟು ಕಡಿಮೆ ಬಲ ಸಾಕು ಎಂಬುದನ್ನೂ ಅವರು ಅಳೆದು ಬರೆದಿದ್ದಾರೆ. ಅಂಗಡಿಯ ಟೇಪಿನ ಡಬ್ಬಿಯ ಮೇಲೂ ಆ ಎರಡನೆಯ ಅಂಕಿ ಕಾಣುವ ದಿನವನ್ನು ನಾನು ಕಾಯುತ್ತಿದ್ದೇನೆ.